ಬೀಜದ ಗಡಿಗೆಯಲ್ಲಿ ನಲವತ್ತೊಂದು ಮಾತ್ರೆ

ಮುದಗಲ್ಲಿನಿಂದ ವಾಪಸು ಬಂದ ಆ ಭಾನುವಾರವೇ ನಮ್ಮ ಮನೆಯ ಕೊನೆಯ ಮಾಮೂಲು ದಿನ. ಹೆಂಡತಿಯ ತಂಗಿಯನ್ನು ಮುದಗಲ್ಲಿಗೆ ಕೊಟ್ಟಿದ್ದರು. ಅವಳ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿಸಿಕೊಂಡು ಹೊರಟವರಿಗೆ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸುವಾಗ ಹಸಿವಾಯಿತು. ನಿಲ್ದಾಣದ ಎದುರಿನ ಹೋಟೆಲಿನಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದೆ. ಅವಳು ಮಿರ್ಚಿಯ ಮೇಲಿನ ಹಿಟ್ಟನ್ನಷ್ಟೇ ಬಿಡಿಸಿಕೊಂಡು ತಿಂದು, ಒಳಗಿನ ಮೆಣಸಿನಕಾಯಿಯನ್ನು ನನ್ನ ಕಾಗದಕ್ಕೆ ಹಾಕಿದಳು.

"ಖಾರ ಬ್ಯಾಡಾತೇನು?" ಎಂದೆ.

"ನಾಲಿಗಿ ಬಾಜೂಕ ಜರಾ ಉರ್ಯಾಕತ್ತೈತ್ರಿ. ಸುಣ್ಣ ಹೆಚ್ಚಾಗಿರಬೇಕು."

"ತಂಬಾಕು ಬಿಡು ಅಂದ್ರ ಕೇಳಂಗಿಲ್ಲ ನೀ."

"ನೀವು ಬೀಡಿ ಬಿಡ್ರಿ, ನಾ ಅವತ್ತೇ ತಂಬಾಕು ಬಿಡ್ತೀನಿ" ಎಂದು ನಕ್ಕಳು. ಮಸ್ಕಿ ದಾಟುವವರೆಗೆ ಕಿಟಕಿಯಿಂದ ಹೊಲ ನೋಡುತ್ತ, ಯಾರ ಜೋಳ ಎಷ್ಟೆತ್ತರ ಬಂದಿದೆ ಎಂದು ಹೇಳುತ್ತ ಕೂತಿದ್ದಳು. ಸಿಂಧನೂರಿಗೆ ಬಂದು ಬೀಗ ತೆಗೆದು, ಸ್ಟೋ ಹಚ್ಚಿ, ರೇಡಿಯೋ ಹಾಕಿದಳು. ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ನೀರಿನಲ್ಲಿ ರಕ್ತ ಬಂತು.

ಆಗ ನಾನು ಸಿಂಧನೂರಿನ ಅಂಚಿನಲ್ಲಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ ಗುಮಾಸ್ತನಾಗಿದ್ದೆ. ತೊಂಬತ್ತರ ದಶಕದ ಮಾತು. ಇನ್ನು ವಾಸಿಯಾಗುವುದಿಲ್ಲ ಎಂದು ದೊಡ್ಡ ಆಸ್ಪತ್ರೆಗಳು ಕೈಬಿಟ್ಟವರನ್ನು, ಹೆಚ್ಚಾಗಿ ಕ್ಯಾನ್ಸರಿನವರನ್ನು, ಕೊನೆಯವರೆಗೆ ನೋವಿಲ್ಲದಂತೆ ನೋಡಿಕೊಳ್ಳುವುದು ಅದರ ಕೆಲಸ. ಕೆಲವೇ ಹಾಸಿಗೆ, ಒಬ್ಬ ಡಾಕ್ಟರು, ಒಬ್ಬ ಸಿಸ್ಟರು, ಒಂದು ಜೀಪು. ಹೆಚ್ಚಿನ ರೋಗಿಗಳು ತಮ್ಮ ಮನೆಯಲ್ಲೇ ಇರುತ್ತಿದ್ದರು. ಜೀಪು ಸೋಮವಾರ ಬಳಗಾನೂರಿನ ಕಡೆ, ಗುರುವಾರ ಮಸ್ಕಿ, ಸಂತೆಕಲ್ಲೂರಿನ ಕಡೆ ಹೋಗುತ್ತಿತ್ತು. ಸಿಸ್ಟರು ಗಾಯ ತೊಳೆದು ಪಟ್ಟಿ ಕಟ್ಟಿ, ಒಂದು ವಾರದ ಮಾತ್ರೆ ಕೊಟ್ಟು ಬರುತ್ತಿದ್ದರು. ನಾನು ರಿಜಿಸ್ಟರ್ ಬರೆಯುತ್ತಿದ್ದೆ.

ಮಾತ್ರೆ ಎಂದರೆ ಮಾರ್ಫಿನ್. ಅದನ್ನು ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸ್ ಬೇಕು, ಒಂದೊಂದು ಮಾತ್ರೆಗೂ ಲೆಕ್ಕ ಬೇಕು. ಮನೆಯವರು ಮಾತ್ರೆ ಬಿಡಿಸಿದ ಖಾಲಿ ಪಟ್ಟಿಗಳನ್ನು ವಾಪಸು ಕೊಡಬೇಕು, ಉಳಿದ ಮಾತ್ರೆಗಳನ್ನು ತೋರಿಸಬೇಕು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ಹೀಗೆ ನಾಲ್ಕು ತಾಸಿಗೊಂದು, ಮಲಗುವಾಗ ಎರಡು. ನೋವು ಬಂದ ಮೇಲೆ ಕೊಡುವ ಮಾತ್ರೆಯಲ್ಲ ಅದು, ಬರುವುದಕ್ಕೆ ಮುಂಚೆ ಕೊಡಬೇಕಾದದ್ದು. ಡಾಕ್ಟರು ಇದನ್ನು ಪ್ರತಿ ಮನೆಗೂ ಹೇಳಿಸುತ್ತಿದ್ದರು. ಗೋಡೆಗೆ ಅಂಟಿಸುವ ಚೀಟಿಯನ್ನು ನಾನೇ ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತಿದ್ದೆ.

ರಿಜಿಸ್ಟರಿನಲ್ಲಿ ಒಂದು ಖಾನೆಯನ್ನು ಸೇರಿಸಿದವನೂ ನಾನೇ. ಸಿಸ್ಟರಿಗೆ ಒಂದು ದಿನದಲ್ಲಿ ಹತ್ತಾರು ಮನೆ. ಪ್ರತಿ ರೋಗಿಯ ಹತ್ತಿರ ಕೂತು ನೋವಿನ ಬಗ್ಗೆ ಕೇಳಿ ಬರೆಯಲು ಪುರಸೊತ್ತಿರಲಿಲ್ಲ. ಉಳಿದ ಮಾತ್ರೆಯ ಸಂಖ್ಯೆಯ ಪಕ್ಕದಲ್ಲೇ ನೋವಿನ ಖಾನೆ ಇರಲಿ, ಮಾತ್ರೆ ಉಳಿದಿದ್ದರೆ "ನೋವು ಕಡಿಮೆ" ಎಂದು ಬರೆದರಾಯಿತು ಎಂದು ನಾನು ಸೂಚಿಸಿದೆ. ಡಾಕ್ಟರು ಒಪ್ಪಿದರು. ಕೆಲಸ ಬೇಗ ಸಾಗಿತು.

ಹೆಂಡತಿಯನ್ನು ರಾಯಚೂರಿಗೆ ತೋರಿಸಿದೆ, ನಾಲಿಗೆಯ ಕ್ಯಾನ್ಸರ್ ಎಂದರು. ಅಲ್ಲಿಂದ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿದೆ. ಗಡ್ಡೆ ಕರಗಿದಂತಾಗಿ ಮತ್ತೆ ಕುತ್ತಿಗೆಯಲ್ಲಿ ಎದ್ದಿತು. ಕೊನೆಗೆ ಅವಳ ಹೆಸರನ್ನು ನಮ್ಮ ರಿಜಿಸ್ಟರಿನಲ್ಲೇ ಬರೆದುಕೊಂಡೆ. ಮಾರ್ಫಿನ್ ಶುರುವಾಯಿತು. ನಮಗೆ ಮಕ್ಕಳಿಲ್ಲ, ಹಗಲು ಅವಳೊಬ್ಬಳೇ. ಬೆಳಿಗ್ಗೆಯದನ್ನು ಕೈಯಾರೆ ಕೊಟ್ಟು, ಹತ್ತು ಗಂಟೆಯದು, ಎರಡು ಗಂಟೆಯದು ಎಂದು ಎರಡು ಮಾತ್ರೆಗಳನ್ನು ಹಿತ್ತಾಳೆ ಬಟ್ಟಲಿನಲ್ಲಿಟ್ಟು ಒಂಬತ್ತಕ್ಕೆ ಸೈಕಲ್ ಹತ್ತುತ್ತಿದ್ದೆ. ಸಂಜೆ ಬಂದಾಗ ಬಟ್ಟಲು ಖಾಲಿ ಇರುತ್ತಿತ್ತು. ಅವಳು ಮುಖ ತೊಳೆದು ಕುಂಕುಮ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಾಲಿಗೆ ಹೊರಳುತ್ತಿರಲಿಲ್ಲ, ಮಾತು ಸ್ಲೇಟಿನ ಮೇಲೆ. "ನೋವೈತೇನು?" ಎಂದರೆ ಇಲ್ಲ ಎಂದು ಕೈಯಾಡಿಸುತ್ತಿದ್ದಳು. ಆ ದಿನಗಳಲ್ಲಿ ರೇಡಿಯೋ ಸೆಲ್ಲುಗಳು ವಾರಕ್ಕೊಮ್ಮೆ ಖಾಲಿಯಾಗುತ್ತಿದ್ದವು. ಹಳೆಯ ಸೆಲ್ಲು ಮಾರುತ್ತಾನೆಂದು ಅಂಗಡಿಯವನ ಜೊತೆ ಜಗಳವನ್ನೂ ಮಾಡಿದೆ.

ಮಾತ್ರೆ ಶುರುವಾಗಿ ಇಪ್ಪತ್ತೊಂದು ದಿನ ಮುಗಿದ ಮರುದಿನ ನಸುಕಿನಲ್ಲಿ ಕುತ್ತಿಗೆಯ ಗಾಯ ಒಡೆದು ರಕ್ತ ಹೋಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಅವಳ ದಿನಕರ್ಮಗಳು ಮುಗಿದ ಮೇಲೆ ತಂಗಿ ಅಡುಗೆಮನೆ ಸಾರಿಸಿ, ಗಡಿಗೆಗಳನ್ನು ಬಿಸಿಲಿಗಿಟ್ಟಳು. ಹಿತ್ತಲಲ್ಲಿ ಹಾಕಲೆಂದು ಹೆಂಡತಿ ಹೀರೆ, ಸೌತೆ, ಅವರೆ ಬೀಜಗಳನ್ನು ಬೂದಿಯಲ್ಲಿ ಕಲಸಿ ಇಡುತ್ತಿದ್ದ ಗಡಿಗೆಯೊಂದಿತ್ತು. ಅದರಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಪಟ್ಟಿಯಿಂದ ಬಿಡಿಸಿದ ಮಾತ್ರೆಗಳು. ಎಣಿಸಿದೆ. ನಲವತ್ತೊಂದು.

"ಉಳಿದಾವಂದ್ರ ಅಕ್ಕಗ ಬೇಕಾಗಿಲ್ಲಂತ ಅಲ್ಲೇನ್ರಿ ಮಾಮಾ?" ಎಂದಳು ನಾದಿನಿ, ಕಣ್ಣೊರೆಸಿಕೊಳ್ಳುತ್ತ.

"ಹೌದವ್ವ. ಬೇಕಾಗಿಲ್ಲ" ಎಂದೆ.

ನಿಯಮದಂತೆ ಅವನ್ನು ಸಂಸ್ಥೆಗೆ ವಾಪಸು ಕೊಟ್ಟು, ಅವಳ ಹೆಸರಿನ ಮುಂದೆ ನಾನೇ ಬರೆದೆ: ಉಳಿದ ಮಾತ್ರೆ 41, ನೋವು ಇಲ್ಲ. ಆ ಎರಡು ಶಬ್ದಗಳನ್ನು ಹಿಡಿದುಕೊಂಡೇ ನಾನು ಮುಂದಿನ ಎರಡು ತಿಂಗಳು ಊಟ ಮಾಡಿದ್ದು, ನಿದ್ದೆ ಮಾಡಿದ್ದು. ಬಹಳ ಕೆಟ್ಟ ಕಾಯಿಲೆ, ಆದರೆ ನರಳದೆ ಹೋದಳು ಎಂದು ಬಂದವರಿಗೆಲ್ಲ ಹೇಳಿದೆ.

ಎರಡು ತಿಂಗಳಿಗೆ ಡಾಕ್ಟರು ನನ್ನನ್ನು ಕರೆದರು. ಸಂಸ್ಥೆಗೆ ನೆರವು ಕೊಡುವವರು ಲಿಂಗಸುಗೂರಿನಲ್ಲೂ ಇಂಥದೇ ಒಂದು ಕೇಂದ್ರ ತೆರೆಯಲು ತಯಾರಿದ್ದರು. ಅದಕ್ಕೆ ಮುಂಚೆ ಇಲ್ಲಿಯ ಆರೈಕೆ ಹೇಗಿದೆ ಎಂಬ ವರದಿ ಕೇಳಿದ್ದರು.

"ಹೊರಗಿನವರು ಬಂದ್ರ ಜನರ ಮಾತು ತಿಳಿಯಂಗಿಲ್ಲ. ನೀವೇ ಮಾಡ್ರಿ. ನಿಮ್ಮ ಮನಿಯಾಗ ಆಗಿದ್ದು ಎಲ್ಲರಿಗೂ ಗೊತ್ತೈತಿ. ನಿಮ್ಮ ಮುಂದ ಜನ ಸುಳ್ಳು ಹೇಳಂಗಿಲ್ಲ" ಎಂದರು ಡಾಕ್ಟರು. ಹತ್ತು ಪ್ರಶ್ನೆಗಳ ಒಂದು ಫಾರ್ಮನ್ನು ಅವರೇ ಮಾಡಿದ್ದರು. ಜೀಪು ಸರಿಯಾಗಿ ಬರುತ್ತದೆಯೇ, ಗಾಯ ತೊಳೆಯುವುದನ್ನು ಮನೆಯವರಿಗೆ ಕಲಿಸಿದ್ದಾರೆಯೇ, ಬೆನ್ನಿಗೆ ಹುಣ್ಣಾಗಿದೆಯೇ, ಹೀಗೆ. ಆರನೆಯ ಪ್ರಶ್ನೆ: ನೋವು ಎಷ್ಟು? ಕೆಳಗೆ ಉತ್ತರ ಕೊಟ್ಟವರ ಸಹಿ ಅಥವಾ ಹೆಬ್ಬೆಟ್ಟು.

ಮೊದಲ ಎರಡು ವಾರ ಸಿಸ್ಟರ ಜೊತೆ ಜೀಪಿನಲ್ಲೇ ಹೋದೆ. ಹೋದ ಕಡೆಯೆಲ್ಲ ರೋಗಿಗೆ ಸ್ನಾನವಾಗಿರುತ್ತಿತ್ತು, ಒಗೆದ ಬಟ್ಟೆ ಹಾಸಿರುತ್ತಿತ್ತು. ಗಾಯದ ವಾಸನೆಗೆ ಊದಿನಕಡ್ಡಿ ಹಚ್ಚಿರುತ್ತಿದ್ದರು. ಚಹಾ ಬರುತ್ತಿತ್ತು. ಸಿಸ್ಟರಿಗೆ ಕೈಮುಗಿಯುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹುಳ ಬಿದ್ದ ಗಾಯವನ್ನು ಮೂಗು ಮುಚ್ಚದೆ ತೊಳೆದ ಹೆಂಗಸು ಅವರು. ನನ್ನ ಫಾರ್ಮುಗಳು ಚೆನ್ನಾಗಿಯೇ ತುಂಬಿದವು.

ಗುರುವಾರ ಸಂತೆಕಲ್ಲೂರು. ನನ್ನ ಹೆಂಡತಿಯ ತವರೂರು ಅದು. ಅಲ್ಲಿ ದವಡೆಯ ಕ್ಯಾನ್ಸರಿನ ಒಬ್ಬ ಮುದುಕರಿದ್ದರು, ಕುರಿ ಕಾಯ್ದು ಬಾಳಿದವರು. ಮಗ ಕುರಿಗಳ ಜೊತೆ ಹೊರಗೆ, ಮನೆಯಲ್ಲಿ ಸೊಸೆಯೊಬ್ಬಳೇ. ಮುದುಕರು ಬಿಳಿ ಅಂಗಿ ಹಾಕಿಕೊಂಡು, ರುಮಾಲಿನಿಂದ ದವಡೆ ಮುಚ್ಚಿಕೊಂಡು ಹೊರಸಿನ ಮೇಲೆ ಕೂತಿದ್ದರು.

ಹತ್ತರೊಳಗೆ ಎಷ್ಟು ಎಂದು ಕೇಳಿದರೆ ನಮ್ಮ ಕಡೆಯ ಹಿರಿಯರಿಗೆ ತಿಳಿಯುತ್ತಿರಲಿಲ್ಲ. ಸಿಸ್ಟರು ರೂಪಾಯಿಗೆ ಹದಿನಾರಾಣೆಯ ಹಳೆಯ ಲೆಕ್ಕದಲ್ಲಿ ಕೇಳುತ್ತಿದ್ದರು.

"ಯಜಮಾನ್ರ, ರೂಪಾಯಿಗೆ ಎಷ್ಟಾಣೆ ನೋವೈತ್ರಿ?"

"ಯಾವ ಆಣೆ ಯವ್ವಾ? ಹಾಲಿದೋ, ಕಲ್ದಾರದ್ದೋ?" ಎಂದರು ಮುದುಕರು ಬಾಯಿಯ ಒಂದು ಮಗ್ಗುಲಿನಿಂದ. ನಿಜಾಮರ ಕಾಲದಲ್ಲಿ ನಮ್ಮ ಕಡೆ ನಡೆಯುತ್ತಿದ್ದ ಎರಡು ನಾಣ್ಯಗಳು ಅವು. ಕಲ್ದಾರಕ್ಕೆ ಬೆಲೆ ಹೆಚ್ಚು.

"ಯಾವುದಾರ ಹೇಳ್ರಿ, ನಮ್ಮ ಗುಮಾಸ್ತರು ಬರಕೊಂತಾರ."

"ಹಂಗಾರ ಎರಡಾಣೆ ಅಂತ ಬರೀ. ಊರ ಅಳ್ಯಾ ಬಂದಾನ. ಅವನ ಮುಂದ ಹೆಚ್ಚು ಹೇಳಿದ್ರ ಊರಿಗೇ ನಾಚಿಕಿ."

ಎಲ್ಲರೂ ನಕ್ಕೆವು. ನಾನು ಎರಡಾಣೆ ಎಂದು ಬರೆದೆ.

ಸಿಂಧನೂರಿಗೆ ಬಂದು ಫಾರ್ಮು ಜೋಡಿಸುವಾಗ ನೋಡಿದರೆ ಆ ಮನೆಯ ಫಾರ್ಮಿಗೆ ಹೆಬ್ಬೆಟ್ಟು ಹಾಕಿಸಿರಲಿಲ್ಲ. ನಗುವಿನಲ್ಲಿ ಮರೆತಿದ್ದೆ. ಮರುದಿನ ಶುಕ್ರವಾರ, ಸ್ಟ್ಯಾಂಪ್ ಪ್ಯಾಡನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಮಸ್ಕಿಗೆ ಹೋಗಿ, ಅಲ್ಲಿಂದ ಟೆಂಪೋದಲ್ಲಿ ಸಂತೆಕಲ್ಲೂರಿಗೆ ಹೋದೆ. ಹನ್ನೊಂದು ಗಂಟೆಯಾಗಿರಬೇಕು. ಆ ಮನೆಯ ಓಣಿಗೆ ತಿರುಗಿದಾಗ ಒಂದು ಸದ್ದು ಕೇಳಿಸಿತು. ಈಯುವ ಎಮ್ಮೆಯಿರಬೇಕು ಅಂದುಕೊಂಡೆ. ಹತ್ತಿರ ಹೋದಂತೆ ಅದು ಮನುಷ್ಯರದೆಂದು ತಿಳಿಯಿತು.

ಮುದುಕರು ನೆಲದ ಮೇಲೆ ಕಂಬಳಿಯಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಬಿದ್ದಿದ್ದರು. ಕಂಬಳಿಯ ಅಂಚನ್ನು ಬಾಯಿಯ ಚೆನ್ನಾಗಿದ್ದ ಮಗ್ಗುಲಿನಲ್ಲಿ ಕಚ್ಚಿ ಹಿಡಿದಿದ್ದರು. ಸೊಸೆ ನನ್ನನ್ನು ನೋಡಿ ಮೊರವನ್ನು ಕೆಳಗಿಟ್ಟು ಗಾಬರಿಯಲ್ಲಿ ಎದ್ದಳು.

"ಅಯ್ಯ ಅಣ್ಣಾರ, ಇವತ್ತು ನಿಮ್ಮ ದಿನ ಅಲ್ಲಲ್ರೀ!"

"ಹೆಬ್ಬೆಟ್ಟು ಉಳಿದಿತ್ತವ್ವ. ಇದೇನಿದು? ಗುಳಿಗಿ ಕೊಟ್ಟಿಲ್ಲೇನು?"

"ರಾತ್ರಿ ಒಂದು ಕೊಟ್ಟೀನ್ರಿ."

"ಮುಂಜಾನೆದು?"

ಅವಳು ಮೊರವನ್ನು ಮತ್ತೆ ಎತ್ತಿ ಗೋಡೆಗೆ ಒರಗಿಸಿದಳು.

"ನಿನ್ನೆ ನಕ್ಕೊಂತ ಮಾತಾಡಿದ್ರಲ್ಲ?"

"ನಿನ್ನಿ ನಿಮ್ಮ ಜೀಪು ಬರೋದಿತ್ತಲ್ರೀ. ನಸುಕಿನ್ಯಾಗ ಒಂದು, ಹೊತ್ತು ಏರಿದ ಮ್ಯಾಲ ಎರಡು ಕೊಟ್ಟಿದ್ದೆ. ಮನಿಗೆ ಬಂದವ್ರ ಮುಂದ ಹಿರೇ ಮನುಷ್ಯಾ ಹಿಂಗ ನರಳಿದ್ರ ಚಂದ ಕಾಣತೈತೇನ್ರಿ?"

"ಉಳಿದವು ಎಲ್ಲದಾವ?"

ಅವಳು ಮಾವನ ಕಡೆ ನೋಡಿದಳು. ಮುದುಕರು ಕಣ್ಣು ತೆರೆಯದೆ, ಕಂಬಳಿಯನ್ನು ಬಾಯಿಂದ ಬಿಟ್ಟು, "ತೋರ್ಸವ್ವ. ಊರ ಅಳ್ಯಾ ಅವ, ಕಳ್ಳ ಅಲ್ಲ" ಎಂದರು.

ಅವಳು ಒಳಗಿನ ಮೂಲೆಯಿಂದ ಒಂದು ಗಡಿಗೆ ತಂದಳು. ಬೇವಿನ ಸೊಪ್ಪು, ಬೂದಿ, ಬಿತ್ತನೆಯ ಜೋಳ. ಅದರೊಳಗೆ ಕೈಹಾಕಿ ಒಂದು ಬಟ್ಟೆಯ ಗಂಟು ತೆಗೆದಳು.

"ಮೊದಲ ವಾರ ಉಳಿದದ್ದು ಸಿಸ್ಟರಮ್ಮಗ ತೋರಿಸಿದ್ವಿ. ನೋವು ಕಮ್ಮಿ ಆಗೈತಿ, ಛಲೋ ಆತು ಅಂದು, ಬರೋ ವಾರ ಕಮ್ಮಿ ಕೊಟ್ರು. ಅವತ್ತಿಂದ ತೋರ್ಸೂದು ಬಿಟ್ವಿರಿ. ಪಟ್ಟಿ ಖಾಲಿ ಮಾಡಿ ಕೊಡ್ತೀವಿ, ಗುಳಿಗಿ ಇದ್ರಾಗ ಹಾಕ್ತೀವಿ."

"ಯಾಕ ಉಳಿಸ್ತೀರವ್ವ? ನೋವಿಗೆ ಅಂತನ ಕೊಟ್ಟದ್ದಲ್ಲ?"

"ಇನ್ನೂ ಕೆಟ್ಟ ದಿನ ಬರ್ತಾವಲ್ರೀ ಅಣ್ಣಾರ. ಈಗ ತಿಂದು ಮುಗಿಸಿದ್ರ ಅವತ್ತಿಗೆ ಎಲ್ಲಿಂದ ತರೂದು? ಮಳಿ ತಡ ಆತಂತ ನಾವು ಬೀಜದ ಗಡಿಗಿಗೆ ಕೈ ಹಾಕ್ತೀವೇನ್ರಿ? ಇದೂ ಹಂಗ ಅಂತ ಇಟ್ಟೀವಿ."

ನಾನು ಆ ಗಂಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅದು ಕಟ್ಟಿದ್ದ ರೀತಿ ನನಗೆ ಗೊತ್ತಿತ್ತು. ಎರಡು ಸುತ್ತು ಸುತ್ತಿ ತುದಿಯನ್ನು ಒಳಕ್ಕೆ ಸಿಕ್ಕಿಸುವುದು. ನನ್ನ ಹೆಂಡತಿಯೂ ಇದೇ ಊರಿನಲ್ಲಿ ಗಂಟು ಕಟ್ಟಲು ಕಲಿತವಳು.

ಗೋಡೆಯ ಮೇಲೆ ನನ್ನದೇ ಅಕ್ಷರದ ಚೀಟಿ ಇತ್ತು. "ಒಂದು ಕೊಡವ್ವ, ಈಗಲೇ" ಎಂದೆ. ಅವಳು ಕೊಟ್ಟಳು. ನಾನು ಹೊಸ್ತಿಲ ಹತ್ತಿರ ಕೂತೆ. ಸುಮಾರು ಒಂದು ತಾಸಿಗೆ ಮುದುಕರ ಮೊಣಕಾಲು ನಿಧಾನವಾಗಿ ಸಡಿಲವಾಯಿತು. ಹಣೆಯ ಗಂಟು ಬಿಟ್ಟಿತು.

"ಈಗ ಎಷ್ಟಾಣೆ ಮಾವಾರ?"

"ನಾಕಾಣೆ."

"ಖರೇವು?"

"ಖರೇವು. ನಿನ್ನಿ ಹೇಳಿದ್ದು ಮರ್ಯಾದಿಗೆ."

"ನಾ ಬರೋಕ್ಕಿಂತ ಮುಂಚೆ?"

"ಅದನ್ನ ಬರಕೋಬ್ಯಾಡ ಅಳ್ಯಾ" ಎಂದರು.

ಹೆಬ್ಬೆಟ್ಟು ಹಾಕಿಸಿಕೊಳ್ಳುವುದನ್ನು ಅವತ್ತೂ ಮರೆತು ಬಂದೆ. ಟೆಂಪೋದಲ್ಲಿ ಎದುರಿಗಿದ್ದವರು ಏನೋ ಕೇಳಿದರು, ಏನು ಹೇಳಿದೆನೋ ನೆನಪಿಲ್ಲ. ನಲವತ್ತೊಂದು ಎಂಬ ಸಂಖ್ಯೆ ಇಷ್ಟು ದಿನ ನನ್ನನ್ನು ಸಮಾಧಾನ ಮಾಡುತ್ತಿತ್ತು. ಅದನ್ನು ಅವತ್ತು ಯಾವ ಕಡೆಯಿಂದ ನೋಡಿದರೂ ಸಮಾಧಾನ ಸಿಗಲಿಲ್ಲ.

ಆ ದಿನ ನಾನು ಸುಮ್ಮನಾಗಬಹುದಿತ್ತು. ಒಂದು ಮನೆಯ ಮಾತು ಎಂದುಕೊಂಡು ಫಾರ್ಮು ಕಟ್ಟಿಟ್ಟಿದ್ದರೆ ಲಿಂಗಸುಗೂರಿನ ಕೇಂದ್ರವೂ ಬರುತ್ತಿತ್ತು, ನನ್ನ "ನೋವು ಇಲ್ಲ" ಕೂಡ ನನಗೆ ಉಳಿಯುತ್ತಿತ್ತು. ಆದರೆ ಮುಂದಿನ ಗುರುವಾರ ಆ ಮುದುಕರಿಗೆ ಮತ್ತೆ ಬಿಳಿ ಅಂಗಿ ಹಾಕುತ್ತಾರೆ. ತುಂಬಿದ ಫಾರ್ಮುಗಳನ್ನು ಬೇರೆ ಇಟ್ಟು ಹೊಸದಾಗಿ ಶುರುಮಾಡಿದೆ. ಜೀಪು ಹೋಗದ ದಿನಗಳಲ್ಲಿ, ಬಸ್ಸಿನಲ್ಲಿ, ಹೇಳದೆ ಹೋಗುವುದು. ರೋಗಿಯನ್ನು ಮಾತ್ರವಲ್ಲ, ಹತ್ತಿರ ಇರುವ ಹೆಂಗಸನ್ನು ಬೇರೆಯಾಗಿ ಕೇಳುವುದು. ಎಷ್ಟು ಮಾತ್ರೆ ಉಳಿದಿದೆ ಎಂಬುದರ ಬದಲು, ಕೊನೆಯ ಮಾತ್ರೆ ಯಾವ ಹೊತ್ತಿಗೆ, ಯಾರ ಕೈಯಿಂದ ಎಂದು ಕೇಳುವುದು.

ಬಳಗಾನೂರಿಗೆ ಬುಧವಾರ ಹೋದೆ. ಕಾಲುವೆ ನೀರು ಬಿಟ್ಟಿದ್ದರು, ಭತ್ತದ ನಾಟಿ ಜೋರಾಗಿತ್ತು. ಊರೇ ಗದ್ದೆಯಲ್ಲಿ. ಗರ್ಭಕೋಶದ ಕ್ಯಾನ್ಸರಿನ ಒಬ್ಬ ಹೆಂಗಸಿನ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ನಾಯಿ ನುಗ್ಗಬಾರದೆಂದು ಮನೆಯವರೇ ಹಾಕಿ ಹೋಗಿದ್ದರು. ತೆಗೆದು ಒಳಗೆ ಹೋದರೆ ಆಕೆ ಗೋಡೆ ನೋಡುತ್ತ ಮಲಗಿದ್ದಳು. ಕೈಗೆ ಸಿಗುವಷ್ಟು ದೂರದಲ್ಲಿ ಒಂದು ತಟ್ಟೆ, ಅದರಲ್ಲಿ ಎರಡು ಮಾತ್ರೆ, ಪಕ್ಕದಲ್ಲಿ ತುಂಬಿದ ಚೊಂಬು. ಗಂಟೆ ಮೂರಾಗಿತ್ತು.

"ಯಾಕ ತಗೊಂಡಿಲ್ಲ ತಾಯಿ?"

"ಗುಳಿಗಿ ತಗೊಂಡ್ರ ಬಾಯಿ ಒಣಗತೈತ್ರಿ. ನೀರು ಕುಡದ್ರ ಹೊರಗ ಹೋಗಬೇಕು. ಹಗಲೊತ್ತು ನನ್ನ ಎತ್ತೋರು ಯಾರದಾರ್ರೀ ಇಲ್ಲಿ?"

"ಮನಿಯವ್ರಿಗೆ ಹೇಳಿಲ್ಲೇನು?"

"ಅವರು ಬರೋದ್ರಾಗ ಗುಳಿಗಿ ಗಂಟು ಕಟ್ಟಿ ಎತ್ತಿಡ್ತೀನ್ರಿ. ಅವರಿಗೆ ಯಾಕ ಬ್ಯಾಸರ?" ಸೀರೆಯ ಸೆರಗಿನ ಗಂಟನ್ನು ತೋರಿಸಿದಳು.

ನನ್ನ ಮನೆಯ ಹಿತ್ತಾಳೆ ಬಟ್ಟಲನ್ನು ನಾನು ಇಟ್ಟದ್ದೂ ಹೀಗೆಯೇ, ಪಕ್ಕದಲ್ಲಿ ಚೊಂಬು ಇಟ್ಟು.

ಇಪ್ಪತ್ತು ದಿನಗಳಲ್ಲಿ ಎಲ್ಲ ಮನೆಗಳಿಗೂ ಹೋಗಿಬಂದೆ. ಸರಿಯಾಗಿ ಕೊಡುತ್ತಿದ್ದ ಮನೆಗಳೂ ಇದ್ದವು. ಮಸ್ಕಿಯಲ್ಲಿ ಒಬ್ಬ ಹೆಂಗಸು ಗಡಿಯಾರವಿಲ್ಲದೆ, ಮನೆ ಮುಂದೆ ಹೋಗುವ ಬಸ್ಸುಗಳನ್ನು ನೋಡಿಕೊಂಡು ತನ್ನ ಗಂಡನಿಗೆ ಹೊತ್ತು ತಪ್ಪದೆ ಕೊಡುತ್ತಿದ್ದಳು. ಆದರೆ ನಮ್ಮ ರಿಜಿಸ್ಟರಿನಲ್ಲಿ "ನೋವು ಕಡಿಮೆ" ಎಂದಿದ್ದ ಮನೆಗಳಲ್ಲೇ ಹೆಚ್ಚು ನರಳಾಟ ಇತ್ತು.

ಸಿಸ್ಟರಿಗೆ ಮೊದಲು ಹೇಳಿದೆ. ಅವರು ಬ್ಯಾಂಡೇಜು ಸುತ್ತುವುದನ್ನು ನಿಲ್ಲಿಸಿದರು.

"ಇಷ್ಟು ವರ್ಷ ಹುಣ್ಣು ತೊಳದೀನಿ. ನಾನು ಸರಿ ಇಲ್ಲಂತ ಬರೀತೀರೇನು?"

"ನಿಮ್ಮದಲ್ಲ. ಖಾನಿ ಮಾಡಿದವ ನಾನು."

"ಹೌದು, ನೀವ! ಕುರ್ಚಿ ಮ್ಯಾಲ ಕುಂತು ಗೆರಿ ಎಳದ್ರಿ. ನಾ ಅದನ್ನ ತುಂಬಿಕೊಂತ ತಿರುಗಿದೆ. ಉಳಿಸಿದವ್ರಿಗೆ ಶಾಣ್ಯಾರು ಅಂದೆ. ಕೇಳ್ರಿ, ಶಾಣ್ಯಾರು ಅಂದೆ ನಾ ಅವರಿಗೆ!" ಎಂದು ಬ್ಯಾಂಡೇಜನ್ನು ಟ್ರೇಗೆ ಒಗೆದು ಹೋದರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರಜೆ ಹಾಕಿ, ಜೀಪಿಲ್ಲದೆ, ನನ್ನ ಜೊತೆ ಬಸ್ಸಿನಲ್ಲಿ ಸಂತೆಕಲ್ಲೂರಿಗೆ ಬಂದರು. ಗಡಿಗೆಯನ್ನು ಮುಂದಿಟ್ಟುಕೊಂಡು ಆ ಸೊಸೆಯ ಜೊತೆ ಅರ್ಧ ದಿನ ಕೂತರು. "ಇದು ಬೀಜ ಅಲ್ಲ ತಂಗಿ. ಮುಗದ್ರ ನಾ ಮತ್ತ ತಂದುಕೊಡ್ತೀನಿ. ನನ್ನ ಕೊಳ್ಳಾಣೆ" ಎಂದು ತಮ್ಮ ಗಂಟಲು ಮುಟ್ಟಿಕೊಂಡರು. ಮುದುಕರಿಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದು ಅವತ್ತಿನಿಂದ. ಅವರು ಬದುಕಿದ್ದು ಅವತ್ತಿನಿಂದ ಒಂಬತ್ತು ದಿನ.

ಡಾಕ್ಟರು ನನ್ನ ವರದಿಯ ಕರಡನ್ನು ಎರಡು ಸಲ ಓದಿದರು.

"ಹಳ್ಳಿ ಜನ, ತಿಳೀದ ಉಳಿಸ್ಯಾರ. ಅದಕ್ಕ ಸಂಸ್ಥೆ ಏನು ಮಾಡಬೇಕ್ರಿ? ನಾವು ಹೇಳಿಲ್ಲೇನು, ಬರದು ಅಂಟಿಸಿಲ್ಲೇನು? ಇದು ಹಿಂಗ ಹೋದ್ರ ಲಿಂಗಸುಗೂರು ಕೈ ಬಿಟ್ಟಂಗ. ಅಲ್ಲಿಯವ್ರಿಗೆ ಈ ಅರ್ಧ ಆರೈಕೆನೂ ಸಿಗಂಗಿಲ್ಲ. ಅದನ್ನೂ ವಿಚಾರ ಮಾಡ್ರಿ."

ಅವರ ಮಾತು ಸುಳ್ಳಲ್ಲ. ವಿಚಾರ ಮಾಡಿದೆ. ತಿಳಿಯದ ಜನ ಎನ್ನುವ ಮಾತೊಂದನ್ನು ಮಾತ್ರ ನಾನು ಒಪ್ಪುವಂತಿರಲಿಲ್ಲ. ಚೀಟಿ ಬರೆದವನ ಮನೆಯಲ್ಲೇ ಇದು ನಡೆದಿತ್ತು. ಬಿಟ್ಟುಹೋಗಿದ್ದ ಒಂದು ಮನೆಯ ಫಾರ್ಮನ್ನು ನಾನು ತುಂಬಲೇಬೇಕಾಗಿತ್ತು.

ಬೇರೆ ಮನೆಗಳಿಗೆ ಮಾಡಿದಂತೆಯೇ ಮಾಡಿದೆ. ನಾನು ಮನೆಯಲ್ಲಿರದ ಹೊತ್ತಿನಲ್ಲಿ ಏನಾಗುತ್ತಿತ್ತು ಎಂದು ಪಕ್ಕದ ಮನೆಯ ಹೆಂಗಸನ್ನು ಕೇಳಿದೆ. ಅವರು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದರು.

"ಹಗಲೊತ್ತು ಬಾಗಿಲಾ ಹಾಕ್ಕೊಂಡಿರ್ತಿದ್ಳು ಅಣ್ಣಾರ. ನಾ ಕರದ್ರ ಬರ್ತಿದ್ದಿಲ್ಲ. ರೇಡಿಯೋ ಮಾತ್ರ ದೊಡ್ಡದು ಮಾಡಿರ್ತಿದ್ಳು, ಓಣಿತುಂಬಾ ಕೇಳಂಗ. ಪಾಪ, ಹಾಡು ಕೇಳಿ ಹೊತ್ತು ಕಳೀತಾಳ ಅನ್ಕೊಂಡ್ವಿ."

"ಸಂಜಿಗೆ?"

"ನಿಮ್ಮ ಸೈಕಲ್ ಗಂಟಿ ಆ ತಿರುವಿನ್ಯಾಗ ಕೇಳತೈತಲ್ರೀ, ಆವಾಗ ಬಂದ್ ಮಾಡ್ತಿದ್ಳು."

ಸೆಲ್ಲಿನ ಅಂಗಡಿಯವನ ಜೊತೆ ಮಾಡಿದ ಜಗಳ ನೆನಪಾಯಿತು. ನಾನು ಕೆಳಗಿಳಿದು ಬಂದೆ. ಸಂತೆಕಲ್ಲೂರಿಗೆ ಗುರುವಾರ ಜೀಪು ಬರುವಂತೆ ನಮ್ಮ ಮನೆಗೆ ದಿನಾ ಸಂಜೆ ನಾನು ಬರುತ್ತಿದ್ದೆ.

ವರದಿಯ ಮೊದಲ ಪುಟಕ್ಕೆ ನನ್ನ ಮನೆಯ ಫಾರ್ಮನ್ನೇ ಲಗತ್ತಿಸಿದೆ. ಗೃಹಸ್ಥ ಅಕ್ಷರಸ್ಥ, ಸಂಸ್ಥೆಯ ಗುಮಾಸ್ತ, ಮಾತ್ರೆಯ ವೇಳೆ ಬಾಯಿಪಾಠ ಬಲ್ಲವ ಎಂದು ಬರೆದೆ. ಹಗಲಿನ ಮಾತ್ರೆ ರೋಗಿಗೆ ಹೋಗಿಲ್ಲ, ಗೃಹಸ್ಥನಿಗೆ ತಿಳಿದಿಲ್ಲ ಎಂದು ಬರೆದೆ. ಉಳಿದ ಮಾತ್ರೆಯಿಂದ ನೋವು ಅಳೆಯುವ ಖಾನೆಯನ್ನು ತೆಗೆಯಬೇಕು, ಉಳಿಸಿದವರಿಗೆ ಕಡಿಮೆ ಕೊಡುವುದನ್ನು ನಿಲ್ಲಿಸಬೇಕು, ವಾರದಲ್ಲಿ ಒಂದು ದಿನ ಹೇಳದೆ ಹೋಗಬೇಕು ಎಂದು ಬರೆದೆ. ಡಾಕ್ಟರು ಮೊದಲ ಪುಟವನ್ನು ಓದಿ ಕನ್ನಡಕ ತೆಗೆದಿಟ್ಟರು. ಆಮೇಲೆ ಸಹಿ ಮಾಡಿದರು.

ಖಾನೆ ಹೋಯಿತು. ಹೇಳದೆ ಹೋಗುವ ದಿನ ಬಂತು, ಸಿಸ್ಟರು ಅದನ್ನು ತಪ್ಪಿಸಲಿಲ್ಲ. ನೆರವಿನವರು ಮಾತ್ರ ಇನ್ನೊಂದು ವರ್ಷ ನೋಡೋಣ ಎಂದು ಬರೆದರು. ಆ ವರ್ಷ ಕಳೆದ ಮೇಲೆ ಮತ್ತೆ ಬರೆಯಲಿಲ್ಲ. ಲಿಂಗಸುಗೂರಿನಲ್ಲಿ ಕೇಂದ್ರ ಆಗಲಿಲ್ಲ. ಅಲ್ಲಿಯ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗಲೆಲ್ಲ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಯಾರಾದರೂ ಕಂಡರೆ ನಾನು ಬೇರೆ ಕಡೆ ನೋಡುತ್ತೇನೆ.

ನನ್ನ ಮನೆಯ ಫಾರ್ಮಿನ ಒಂದು ಪ್ರತಿ ನನ್ನಲ್ಲಿದೆ. ಒಂಬತ್ತು ಪ್ರಶ್ನೆಗಳಿಗೆ ಉತ್ತರವಿದೆ, ನೋವು ಎಷ್ಟು ಎಂಬ ಆರನೆಯದಕ್ಕೆ ಇಲ್ಲ. ಯಾಕೆ ಉಳಿಸಿದಳು ಎಂಬುದಕ್ಕೆ ನನ್ನಲ್ಲಿ ಎರಡು ಮನೆಗಳ ಉತ್ತರಗಳಿವೆ, ಅವಳದಿಲ್ಲ. ಲೆಕ್ಕ ಮಾತ್ರ ಹೀಗಿದೆ. ಇಪ್ಪತ್ತೊಂದು ದಿನ, ಹಗಲಿಗೆ ಎರಡರಂತೆ ನಲವತ್ತೆರಡು ಮಾತ್ರೆ. ಗಂಟಿನಲ್ಲಿದ್ದವು ನಲವತ್ತೊಂದು. ಒಂದು ದಿನ, ಒಂದು ಸಲ, ಅವಳು ತಡೆಯಲಾರದೆ ಒಂದನ್ನು ನುಂಗಿದ್ದಾಳೆ. ಅದು ಯಾವ ದಿನ ಎಂಬುದು ನನಗೆ ಗೊತ್ತಿಲ್ಲ.